ಕಡಲತಳದ ಎರೆಹುಳು ಮತ್ತು ನಮ್ಮ ತೋಟದ ಕೊಟ್ಟೆ

ಕೊನೆಕೊಯ್ಲಿನ ದಿನಗಳಲ್ಲಿ ನಮ್ಮ ಸೀಮೆಯ ಅಡಿಕೆ ತೋಟಗಳಿಗೆ ಹೋದವರಿಗೆ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ಕೊಳೆರೋಗಕ್ಕೆಂದು ಮಳೆಗಾಲದ ಮೊದಲು ಕಟ್ಟಿದ್ದ ಪ್ಲಾಸ್ಟಿಕ್ ಕೊಟ್ಟೆಗಳು ಕೊನೆಯೊಡನೆ ಇಳಿದು ಬಂದು ಕಾದಿಗೆಯ ಅಂಚಿನಲ್ಲಿ, ಬಾಳೆಯ ಬುಡದಲ್ಲಿ, ಏಲಕ್ಕಿ ಹಿಂಡಿನ ನಡುವೆ ಬಿದ್ದಿರುತ್ತವೆ. ನಾಲ್ಕು ತಿಂಗಳ ಮಳೆ, ಗಾಳಿ, ಬಿಸಿಲುಗಳನ್ನು ಉಂಡ ಆ ತೆಳು ಹಾಳೆ ಎಳೆದರೆ ಹರಿಯುತ್ತದೆ. ಇನ್ನೊಂದು ಬೇಸಿಗೆ ಕಳೆದರೆ ಬೆರಳ ನಡುವೆ ಪುಡಿಯಾಗುತ್ತದೆ. ಆರಿಸಿ ತೆಗೆಯಲು ಆಳು ಸಾಲದು. ಆಳು ಸಿಕ್ಕರೂ ಮೊದಲು ಕೊನೆ ಹೊರಬೇಕು, ಅಡಿಕೆ ಸುಲಿಯಬೇಕು, ಬೇಯಿಸಬೇಕು. ಹೀಗಾಗಿ ಮುಂದಿನ ಮಳೆಗೆ ಅದು ಹಳ್ಳ ಸೇರುತ್ತದೆ. ಹಳ್ಳಕ್ಕೆ ಬಿದ್ದದ್ದು ಹೊಳೆಗೆ, ಹೊಳೆಗೆ ಬಿದ್ದದ್ದು ಕಡಲಿಗೆ. ಕಡಲಿಗೆ ಬಿದ್ದದ್ದು ಎಲ್ಲಿಗೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡವರಲ್ಲ. ಇದನ್ನು ಬರೆಯುತ್ತಿರುವವನೂ ಕೇಳಿಕೊಂಡವನಲ್ಲ. ನನ್ನ ತೋಟದ ಕೊಟ್ಟೆಗಳನ್ನು ಹಲವು ವರ್ಷ ಹಳ್ಳದ ದಂಡೆಯಲ್ಲೇ ರಾಶಿ ಹಾಕಿಸಿದ್ದೇನೆ. ಜೂನ್ ತಿಂಗಳ ನೆರೆ ಬಂದು ಜಾಗ ಚೊಕ್ಕಟ ಮಾಡಿಕೊಟ್ಟಿತೆಂದು ಸಮಾಧಾನವನ್ನೂ ಪಟ್ಟಿದ್ದೇನೆ.

ಸಮುದ್ರದ ಪ್ಲಾಸ್ಟಿಕ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅಲೆಗಳ ಮೇಲೆ ತೇಲುವ ಬಾಟಲಿ, ಚೀಲ ನುಂಗಿ ಸತ್ತ ಆಮೆ, ಬಲೆಗೆ ಸಿಕ್ಕ ತಿಮಿಂಗಿಲ. ಆದರೆ ಕಡಲಿಗೆ ಸೇರುವ ಪ್ಲಾಸ್ಟಿಕ್ಕಿಗೆ ಹೋಲಿಸಿದರೆ ಹೀಗೆ ತೇಲುತ್ತಾ ಕಾಣುವುದು ಅತ್ಯಲ್ಪ. ಉಳಿದದ್ದು ಎಲ್ಲಿ ಹೋಯಿತು? ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 2004ರಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡರು. ಕಡಲತೀರದ ಮರಳು, ಅಳಿವೆಯ ಕೆಸರು, ನೀರಿನಡಿಯ ಹೂಳು ಇವುಗಳನ್ನು ತಂದು ಸೋಸಿ ನೋಡಿದಾಗ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಚೂರುಗಳೂ ಎಳೆಗಳೂ ಸಿಕ್ಕವು. 1960ರ ದಶಕದಿಂದ ಹಡಗುಗಳು ಸಂಗ್ರಹಿಸಿಟ್ಟಿದ್ದ ಸಮುದ್ರದ ಪ್ಲವಕಗಳ ಹಳೆಯ ಮಾದರಿಗಳನ್ನು ಬಿಚ್ಚಿ ನೋಡಿದರೆ ಕಾಲ ಕಳೆದಂತೆ ಅವು ಹೆಚ್ಚಿದ್ದವು. ಈ ಚೂರುಗಳಿಗೆ ಅವರು ಬಳಸಿದ ‘ಮೈಕ್ರೋಪ್ಲಾಸ್ಟಿಕ್’ ಎಂಬ ಹೆಸರೇ ಇಂದು ಎಲ್ಲೆಡೆ ನಿಂತಿದೆ. ಐದು ಮಿಲಿಮೀಟರಿಗಿಂತ ಸಣ್ಣದಾದ ಯಾವುದೇ ಪ್ಲಾಸ್ಟಿಕ್ ಕಣವನ್ನು ಈಗ ಹೀಗೆ ಕರೆಯುತ್ತಾರೆ. ಅದೇ ಅಧ್ಯಯನದಲ್ಲಿ ಮೂರು ಬಗೆಯ ಸಣ್ಣ ಜೀವಿಗಳನ್ನು ಇಂಥ ಚೂರುಗಳ ಜೊತೆ ಇಟ್ಟು ನೋಡಿದರು. ಕೊಳೆತದ್ದನ್ನು ತಿನ್ನುವ ಆಂಫಿಪಾಡ್, ಮರಳನ್ನೇ ನುಂಗಿ ಬದುಕುವ ಹುಳು, ನೀರು ಸೋಸಿ ತಿನ್ನುವ ಬಾರ್ನಕಲ್. ಕೆಲವೇ ದಿನಗಳಲ್ಲಿ ಮೂರೂ ಅದನ್ನು ನುಂಗಿದ್ದವು.

ತೇಲುವ ಹಾಳೆ ತಳಕ್ಕೆ ಇಳಿಯುವುದು ಹೇಗೆ ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಎಲ್ಲ ಪ್ಲಾಸ್ಟಿಕ್ಕೂ ತೇಲುವುದಿಲ್ಲ. ನಮ್ಮ ಪಿವಿಸಿ ಪೈಪು, ನೀರಿನ ಬಾಟಲಿಯ ಪೆಟ್, ಪಾಲಿಯೆಸ್ಟರ್ ಸೀರೆಯ ನೂಲು, ನೈಲಾನ್ ಹಗ್ಗ ಇವೆಲ್ಲ ಉಪ್ಪುನೀರಿಗಿಂತ ಭಾರ; ತಾವಾಗಿಯೇ ಮುಳುಗುತ್ತವೆ. ಕೊಟ್ಟೆಯ ಪಾಲಿಥೀನ್ ನೀರಿಗಿಂತ ಹಗುರ ನಿಜ. ಆದರೆ ಅದರ ಮೈಮೇಲೆ ಮೊದಲು ಲೋಳೆ ಕಟ್ಟುತ್ತದೆ, ಲೋಳೆಯ ಮೇಲೆ ಪಾಚಿ, ಪಾಚಿಯ ಮೇಲೆ ಸಣ್ಣಪುಟ್ಟ ಜೀವಿಗಳು. ಭಾರ ಏರಿದಂತೆ ಚೂರು ಕೆಳಗಿಳಿಯುತ್ತದೆ. ಇನ್ನು ಕೆಲವು ಚೂರುಗಳನ್ನು ಮೇಲ್ನೀರಿನ ಸೂಕ್ಷ್ಮಜೀವಿಗಳು ನುಂಗಿ ಹಿಕ್ಕೆಯ ರೂಪದಲ್ಲಿ ಕೆಳಗೆ ಬಿಡುತ್ತವೆ. ಕಡಲ ಮೇಲಿನಿಂದ ತಳಕ್ಕೆ ಸತ್ತ ಜೀವಿಗಳ ಚೂರು, ಹಿಕ್ಕೆ, ಲೋಳೆ ಎಲ್ಲವೂ ಹಗಲಿರುಳು ಜಿನುಗು ಮಳೆಯಂತೆ ಬೀಳುತ್ತಿರುತ್ತವೆ. ಬೆಳಕೇ ತಲುಪದ ಆಳದಲ್ಲಿರುವ ಬಹುತೇಕ ಜೀವಿಗಳಿಗೆ ಆ ಮಳೆಯೇ ಅನ್ನ. ಈಗ ಆ ಅನ್ನದಲ್ಲಿ ಪ್ಲಾಸ್ಟಿಕ್ ಬೆರೆತಿದೆ.

ಎಷ್ಟು ಬೆರೆತಿದೆ ಎಂಬುದಕ್ಕೆ ಒಂದೆರಡು ಲೆಕ್ಕ ಸಾಕು. ಇಟಲಿಯ ಪಶ್ಚಿಮಕ್ಕಿರುವ ಟಿರೇನಿಯನ್ ಸಮುದ್ರದ ತಳದಲ್ಲಿ ಒಂದು ಚದರ ಮೀಟರ್ ಜಾಗದ ತೆಳುವಾದ ಹೂಳಿನ ಪದರದಲ್ಲಿ 19 ಲಕ್ಷದವರೆಗೆ ಚೂರುಗಳು ಸಿಕ್ಕವೆಂದು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿಯಾಯಿತು. ಅವು ಎಲ್ಲೆಡೆ ಸಮನಾಗಿ ಹರಡಿರಲಿಲ್ಲ. ತಳದ ಪ್ರವಾಹಗಳು, ನಮ್ಮ ಹೊಳೆಯ ತಿರುವಿನಲ್ಲಿ ಕಸ ಒಟ್ಟುಗೂಡುವಂತೆ, ಕೆಲವು ಜಾಗಗಳಿಗೆ ಅವನ್ನು ತಂದು ಸುರಿದಿದ್ದವು. ಆಮ್ಲಜನಕವನ್ನೂ ಆಹಾರವನ್ನೂ ಹೊತ್ತು ತರುವ ಪ್ರವಾಹಗಳೂ ಅವೇ ಎಂಬುದನ್ನು ಗಮನಿಸಬೇಕು. ಜೀವಿಗಳು ದಟ್ಟವಾಗಿರುವಲ್ಲಿಯೇ ಪ್ಲಾಸ್ಟಿಕ್ಕೂ ದಟ್ಟವಾಗುವ ಸಂಭವ ಹೆಚ್ಚು. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪೆಸಿಫಿಕ್ ಸಾಗರದ ಆರು ಕಂದಕಗಳಿಂದ ಹಿಡಿದು ತಂದ 90 ಆಂಫಿಪಾಡ್‌ಗಳಲ್ಲಿ 65ರ ಹೊಟ್ಟೆಯಲ್ಲಿ ಕೃತಕ ನಾರು ಅಥವಾ ಚೂರು ಇತ್ತು. ಭೂಮಿಯ ಅತ್ಯಂತ ಆಳದ ಮರಿಯಾನಾ ಕಂದಕದಲ್ಲಿ ಸಿಕ್ಕ ಒಂದು ಹೊಸ ಜಾತಿಯ ಆಂಫಿಪಾಡ್‌ಗೆ 2020ರಲ್ಲಿ ‘ಯೂರಿಥೆನಿಸ್ ಪ್ಲಾಸ್ಟಿಕಸ್’ ಎಂದೇ ಹೆಸರಿಟ್ಟರು. ಮನುಷ್ಯ ಅದನ್ನು ಮೊದಲ ಬಾರಿಗೆ ಗುರುತಿಸುವ ವೇಳೆಗಾಗಲೇ ಅದರೊಳಗೆ ಬಾಟಲಿಯ ಪ್ಲಾಸ್ಟಿಕ್ ಇತ್ತು.

ಆದರೆ ಈ ಆಳದ ಕಂದಕಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಮೇಲೆ ಹೇಳಿದ ಆ ಮರಳು ನುಂಗುವ ಹುಳು. ಇಂಗ್ಲಿಷಿನವರು ಅದನ್ನು ಲಗ್‌ವರ್ಮ್ ಎನ್ನುತ್ತಾರೆ. ಶಾಸ್ತ್ರೀಯ ಹೆಸರು ಅರೆನಿಕೋಲಾ ಮರಿನಾ. ಯೂರೋಪಿನ ಕಡಲತೀರಗಳಲ್ಲಿ ನೀರು ಇಳಿದಾಗ ಕೆಸರುಮರಳಿನ ಮೇಲೆ ಸುರುಳಿಸುರುಳಿಯಾದ ಸಣ್ಣ ಗುಪ್ಪೆಗಳು ಕಾಣುತ್ತವೆ. ಮಳೆಗಾಲದಲ್ಲಿ ನಮ್ಮ ಅಂಗಳದಲ್ಲೂ ತೋಟದಲ್ಲೂ ಎರೆಹುಳು ಹಾಕುವ ಹಿಕ್ಕೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರೆಹುಳು ಮಣ್ಣಿಗೆ ಏನು ಮಾಡುತ್ತದೆಯೋ ಈ ಹುಳು ಕಡಲ ಕೆಸರಿಗೆ ಅದನ್ನೇ ಮಾಡುತ್ತದೆ. ಒಂದೆಡೆಯಿಂದ ಕೆಸರು ನುಂಗಿ, ಅದರಲ್ಲಿರುವ ಜೈವಿಕಾಂಶವನ್ನು ಹೀರಿ, ಉಳಿದದ್ದನ್ನು ಮೇಲೆ ಹಾಕುತ್ತದೆ. ಅದರ ಬಿಲದ ಮೂಲಕ ನೀರೂ ಗಾಳಿಯೂ ಕೆಳಗಿನ ಪದರಕ್ಕೆ ಇಳಿಯುತ್ತವೆ. ಅದು ಉಳುಮೆ ನಿಲ್ಲಿಸಿದರೆ ಕೆಸರು ಒಳಗೊಳಗೇ ಕೊಳೆತು ಕಪ್ಪಾಗುತ್ತದೆ. ಅದನ್ನು ನಂಬಿದ ಮೀನು, ಏಡಿ, ಹಕ್ಕಿಗಳಿಗೂ ತೊಂದರೆ.

ಬ್ರಿಟನ್ನಿನ ಸಂಶೋಧಕರು 2013ರಲ್ಲಿ ಈ ಹುಳುಗಳನ್ನು ಪಿವಿಸಿ ಪುಡಿ ಬೆರೆಸಿದ ಕೆಸರಿನಲ್ಲಿ ಸಾಕಿದರು. ಹುಳು ಸಾಯಲಿಲ್ಲ. ಆದರೆ ಮೇವು ಕಡಿಮೆಯಾಯಿತು. ತಿಂದದ್ದು ಕರುಳಿನಲ್ಲಿ ಹೆಚ್ಚು ಹೊತ್ತು ನಿಂತಿತು, ಒಳಗೆ ಉರಿಯೂತ ಕಾಣಿಸಿಕೊಂಡಿತು. ಶೇಕಡಾ 5ರಷ್ಟು ಪುಡಿ ಬೆರೆಸಿದ ಕೆಸರಿನಲ್ಲಿದ್ದವುಗಳ ಮೈಯಲ್ಲಿ ಶೇಖರವಾಗಿರುವ ಶಕ್ತಿ ಅರ್ಧದಷ್ಟು ಕುಸಿಯಿತು. ಹೊಟ್ಟೆ ತುಂಬಿದೆ, ಆದರೆ ಮೈಗೆ ಹಿಡಿಯುತ್ತಿಲ್ಲ. ಚೀಲ ನುಂಗಿದ ಬೀಡಾಡಿ ಹಸುವನ್ನು ಪೇಟೆಯ ಬೀದಿಯಲ್ಲಿ ಕಂಡಿದ್ದೇವಲ್ಲವೆ, ಅದೇ ಸ್ಥಿತಿ. ಅಂಥ ಹುಳುವಿಗೆ ಬೆಳೆಯಲು, ಮೊಟ್ಟೆಯಿಡಲು, ಗಾಯ ಮಾಯಿಸಿಕೊಳ್ಳಲು ಶಕ್ತಿ ಎಲ್ಲಿಂದ ಬರಬೇಕು? ಅದೇ ವರ್ಷದ ಇನ್ನೊಂದು ಪ್ರಯೋಗ, ಪ್ಲಾಸ್ಟಿಕ್ಕಿಗೆ ಅಂಟಿಕೊಂಡ ರಾಸಾಯನಿಕಗಳು ಅದರ ಕರುಳಿನಲ್ಲಿ ಬಿಡುಗಡೆಯಾಗಿ ಮೈಗೆ ಸೇರುತ್ತವೆ ಎಂಬುದನ್ನೂ ತೋರಿಸಿತು.

ಚಿಪ್ಪಿನ ಜೀವಿಗಳ ಕಥೆ ಬೇರೆ ಬಗೆಯದು. ಅವು ಕೆಸರು ನುಂಗುವುದಿಲ್ಲ, ನೀರು ಸೋಸುತ್ತವೆ. ಒಂದು ನೀಲಿಚಿಪ್ಪು ಗಂಟೆಗೆ ಒಂದೆರಡು ಲೀಟರ್ ನೀರು ಸೋಸಬಲ್ಲದು. ನೀರಿನಲ್ಲಿ ಏನಿದೆಯೋ ಅದೆಲ್ಲ ಅದರ ಕಿವಿರನ್ನು ಹಾದು ಹೋಗಬೇಕು. 2008ರ ಒಂದು ಪ್ರಯೋಗದಲ್ಲಿ ಅದು ನುಂಗಿದ ಅತಿಸಣ್ಣ ಕಣಗಳು ಕರುಳಿನ ಗೋಡೆ ದಾಟಿ ರಕ್ತದ್ರವಕ್ಕೆ ಸೇರಿದವು. 48 ದಿನಗಳಾದರೂ ಪೂರ್ಣ ಹೊರಹೋಗಲಿಲ್ಲ. ಫ್ರಾನ್ಸಿನಲ್ಲಿ ಸಿಂಪಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಗಂಭೀರ. ಎರಡು ತಿಂಗಳು ಪಾಲಿಸ್ಟೈರೀನ್ ಕಣಗಳಿದ್ದ ನೀರಿನಲ್ಲಿದ್ದ ಸಿಂಪಿಗಳು ಇಟ್ಟ ತತ್ತಿಗಳ ಸಂಖ್ಯೆ ಶೇಕಡಾ 38ರಷ್ಟು ಕಡಿಮೆಯಾಯಿತು, ಗಂಡಿನ ವೀರ್ಯಾಣುಗಳ ವೇಗ ಕುಂದಿತು. ಆ ತತ್ತಿಗಳಿಂದ ಹುಟ್ಟಿದ ಮರಿಗಳು, ತಾವು ಪ್ಲಾಸ್ಟಿಕ್ ಕಾಣದಿದ್ದರೂ, ಸರಿಯಾಗಿ ಬೆಳೆಯಲಿಲ್ಲ. ಏಡಿಗಳ ವಿಷಯದಲ್ಲಿ ಬಾಯಿ ಮಾತ್ರವಲ್ಲ, ಉಸಿರಾಡುವ ಕಿವಿರಿನ ಮೂಲಕವೂ ಕಣಗಳು ಒಳಸೇರುತ್ತವೆ. ಸ್ಕಾಟ್ಲೆಂಡಿನ ಕ್ಲೈಡ್ ಸಮುದ್ರದಲ್ಲಿ ಹಿಡಿದ ನಾರ್ವೆ ಸಿಗಡಿಗಳಲ್ಲಿ ಶೇಕಡಾ 83ರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಎಳೆಗಳಿದ್ದವೆಂದು 2011ರಲ್ಲಿ ವರದಿಯಾಯಿತು. ಕೆಲವದರಲ್ಲಿ ಅವು ಉಂಡೆಗಟ್ಟಿ ಹೋಗಿದ್ದವು. ಬಹುಪಾಲು ಹಗ್ಗ, ಬಲೆಗಳ ನೂಲು.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಪ್ರಯೋಗಶಾಲೆಯಲ್ಲಿ ಬೆರೆಸಿದ ಪ್ರಮಾಣ ಇಂದಿನ ಬಹುತೇಕ ಕಡಲತಳಗಳಲ್ಲಿ ಇರುವುದಕ್ಕಿಂತ ಹೆಚ್ಚು. ಈ ಆಕ್ಷೇಪವನ್ನು ವಿಜ್ಞಾನಿಗಳೇ ಎತ್ತಿದ್ದಾರೆ, ಅದು ನ್ಯಾಯವಾದದ್ದೇ. ಚಳವಳಿಯವರಾದ ನಾವು ಭಯಾನಕ ಅಂಕಿಯೊಂದು ಸಿಕ್ಕಿದೊಡನೆ ಅದನ್ನು ಭಿತ್ತಿಪತ್ರಕ್ಕೆ ಏರಿಸುವ ಚಾಳಿಯುಳ್ಳವರು. ಈ ವಿಷಯದಲ್ಲಿ ಅದು ಕೂಡದು. ಆದರೆ ಇದೇ ಆಕ್ಷೇಪವನ್ನು ನೆಮ್ಮದಿಗೆ ಕಾರಣವೆಂದು ಬಳಸುವವರ ವಾದವನ್ನು ನಾನು ಒಪ್ಪಲಾರೆ. ತಳಕ್ಕೆ ಇಳಿದ ಪ್ಲಾಸ್ಟಿಕ್ಕನ್ನು ಮೇಲೆತ್ತುವ ಯಾವ ಯಂತ್ರವೂ ಇಲ್ಲ. ಅಲ್ಲಿ ಬಿಸಿಲಿಲ್ಲ, ತಂಪು ಹೆಚ್ಚು. ಮೇಲೆ ವರ್ಷಗಳಲ್ಲಿ ಆಗುವ ಶಿಥಿಲತೆಯೂ ಅಲ್ಲಿ ಬಹು ನಿಧಾನ. ಇಂದು ಇಳಿದದ್ದರ ಮೇಲೆ ನಾಳೆಯದು ಕೂಡುತ್ತದೆ, ಕಳೆಯುವ ಲೆಕ್ಕವೇ ಇಲ್ಲ. ಪ್ರಯೋಗಶಾಲೆಯ ಪ್ರಮಾಣ ಕಡಲಿಗೆ ಬರುವವರೆಗೂ ಕಾಯೋಣ ಎನ್ನುವುದು ಎಂಥ ವಿವೇಕ?

ಎರಡು ವರ್ಷಗಳ ಹಿಂದೆ ಅಘನಾಶಿನಿಯ ಅಳಿವೆಗೆ ಹೋಗಿದ್ದೆ. ಈ ಹೊಳೆಯ ಮೂಲಗಳಾದ ಶಿರಸಿಯ ಶಂಕರಹೊಂಡ, ಮಂಜುಗುಣಿಯ ಕೆರೆಗಳನ್ನು ಬಾಲ್ಯದಿಂದ ಕಂಡವನು ನಾನು. ಉಂಚಳ್ಳಿಯಲ್ಲಿ ಅದು ಧುಮುಕುವುದನ್ನು ಬಂದ ನೆಂಟರಿಗೆಲ್ಲ ತೋರಿಸಿದವನು. ಕೆಳಗೆ ಅದು ಕಡಲು ಸೇರುವಲ್ಲಿ ಏನು ನಡೆಯುತ್ತದೆಂದು ಇಳಿದು ನೋಡಿದ್ದು ಮಾತ್ರ ತಲೆ ನರೆತ ಮೇಲೆ. ನೀರು ಇಳಿದ ಹೊತ್ತು. ಸೊಂಟದ ಮಟ್ಟದ ನೀರಿನಲ್ಲಿ, ಕೆಸರಿನ ದಿಬ್ಬಗಳಲ್ಲಿ ಹೆಂಗಸರು ಗಂಡಸರು ಬಗ್ಗಿ ಬಳಚು ಆಯುತ್ತಿದ್ದರು. ಕೈಯಲ್ಲೇ ಕೆಸರು ತಡಕುವುದು, ಚಿಪ್ಪು ಸಿಕ್ಕೊಡನೆ ಬುಟ್ಟಿಗೆ ಎಸೆಯುವುದು. ದಂಡೆಯಲ್ಲಿ ನಿಂತು ನೋಡುತ್ತಿದ್ದ ನನ್ನನ್ನು ಕಂಡು ಒಬ್ಬಾಕೆ, “ಘಟ್ಟದ ಮೇಲಿನವರೇನ್ರಾ?” ಎಂದು ಕೇಳಿ ನಕ್ಕರು. ಹೌದೆಂದೆ. ಬುಟ್ಟಿಯನ್ನು ದಂಡೆಗೆ ತಂದು ಸುರಿದಾಗ ಬಳಚಿನ ನಡುವೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದು ಸುತ್ತಿಕೊಂಡಿತ್ತು. ಆಕೆ ನೋಡದೆಯೇ ಅದನ್ನು ಕಿತ್ತು ಪಕ್ಕಕ್ಕೆ ಎಸೆದರು. ದಿನಾಲೂ ಸಿಗುವ ವಸ್ತುವನ್ನು ಯಾರು ನೋಡುತ್ತಾರೆ? ಅದು ನಮ್ಮ ತೋಟದ ಕೊಟ್ಟೆಯೇ ಎಂದು ಆಣೆ ಇಟ್ಟು ಹೇಳಲಾರೆ. ಅಲ್ಲವೆಂದು ಹೇಳುವ ಧೈರ್ಯವೂ ಇಲ್ಲ.

ಈ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಮಾನ್ಯತೆ ದೊರೆಯಿತು. ಗಜನಿ ಗದ್ದೆಯ ಕಗ್ಗ ಭತ್ತ, ಸಿಗಡಿ, ಏಡಿ, ಬಳಚು ಇವುಗಳನ್ನು ನಂಬಿ ಸಾವಿರಾರು ಕುಟುಂಬಗಳಿವೆ. ಹೊಳೆಗೆ ಅಣೆಕಟ್ಟೆಯಿಲ್ಲದ ಕಾರಣ ಘಟ್ಟದ ಗೋಡು ಮಣ್ಣು ಅಳಿವೆಯವರೆಗೂ ಹರಿದು ಬರುತ್ತದೆ. ಆ ಫಲವತ್ತತೆಯೇ ಬಳಚಿಗೆ ಆಧಾರವೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಗೋಡಿನೊಡನೆ ಉಳಿದದ್ದೂ ಅಡೆತಡೆಯಿಲ್ಲದೆ ಹೋಗುತ್ತದೆ ಎಂಬುದು ಆ ಹೆಮ್ಮೆಯ ಇನ್ನೊಂದು ಮುಖ. ಇದನ್ನು ಓದಿ ಯಾರೂ ಬಳಚು ತಿನ್ನುವುದನ್ನು ಬಿಡಬೇಕಾಗಿಲ್ಲ, ಪೇಟೆಯಲ್ಲಿ ಅಪಪ್ರಚಾರ ಮಾಡುವುದಂತೂ ಬೇಡವೇ ಬೇಡ. ಕಸ ಹಾಕಿದವರು ಮೇಲೆ, ಮಾರುಕಟ್ಟೆ ಕಳೆದುಕೊಳ್ಳುವವರು ಕೆಳಗೆ ಎಂದಾದರೆ ಅದಕ್ಕಿಂತ ಅನ್ಯಾಯ ಇನ್ನೊಂದಿಲ್ಲ.

ಹೊಳೆಗಳು ಪ್ಲಾಸ್ಟಿಕ್ ಒಯ್ಯುತ್ತವೆ ಎಂಬುದು ಊಹೆಯ ಮಾತಲ್ಲ. ಮಣಿಪಾಲದ ಸಂಶೋಧಕರು ನೇತ್ರಾವತಿಯನ್ನು ಘಟ್ಟದಿಂದ ಕಡಲವರೆಗೆ ಅಭ್ಯಸಿಸಿ 2020ರಲ್ಲಿ ವರದಿ ಪ್ರಕಟಿಸಿದರು. ಒಂದು ಘನ ಮೀಟರ್ ನೀರಿನಲ್ಲಿ ಸರಾಸರಿ 288 ಚೂರು, ಒಂದು ಕಿಲೋ ಹೊಳೆಹೂಳಿನಲ್ಲಿ 96 ಚೂರು. ದಂಡೆಯ ಮಣ್ಣಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ನಾರು, ತೆಳುಹಾಳೆ, ಒಡೆದ ಚೂರು ಇವೇ ಮುಖ್ಯ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಲ ಹೊಳೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೊಳೆಯ ತಳದಲ್ಲಿ ಕೂಡಿದ್ದ ಮೈಕ್ರೋಪ್ಲಾಸ್ಟಿಕ್ಕಿನ ಸುಮಾರು ಶೇಕಡಾ 70 ಒಂದು ಚಳಿಗಾಲದ ನೆರೆಯಲ್ಲೇ ಕೊಚ್ಚಿಹೋಯಿತು. ಅಲ್ಲಿನ ನೆರೆಯೊಡನೆ ನಮ್ಮ ಆಷಾಢದ ನೆರೆಯನ್ನು ಹೋಲಿಸಿಕೊಳ್ಳಿರಿ. ದೊಡ್ಡ ದೊಡ್ಡ ಹತ್ತು ನದಿಗಳದ್ದೇ ಎಲ್ಲ ತಪ್ಪು ಎಂದು ಒಂದು ಕಾಲದಲ್ಲಿ ನಂಬಲಾಗಿತ್ತು. ಕಡಲಿಗೆ ಹತ್ತಿರವಿರುವ, ಮಳೆ ಹೆಚ್ಚು ಬೀಳುವ ಪ್ರದೇಶದ ಸಣ್ಣ ನದಿಗಳ ಪಾಲೂ ದೊಡ್ಡದು, ಸಾವಿರಕ್ಕೂ ಹೆಚ್ಚು ನದಿಗಳು ಸೇರಿ ಶೇಕಡಾ 80ರಷ್ಟನ್ನು ಒಯ್ಯುತ್ತವೆ ಎಂದು 2021ರ ಲೆಕ್ಕಾಚಾರ ಹೇಳಿತು. ಪಶ್ಚಿಮಕ್ಕೆ ಹರಿಯುವ ನಮ್ಮ ಗಿಡ್ಡ ಹೊಳೆಗಳನ್ನೇ ಕಂಡು ಬರೆದಂತಿದೆ.

ಕಾನೂನು ಏನು ಮಾಡುತ್ತಿದೆ? ನಮ್ಮ ರಾಜ್ಯ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಕೇಂದ್ರ ಸರಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳನ್ನು ನಿಷೇಧಿಸಿತು. ಸಂತೆಯಲ್ಲಿ ಅದರ ಪರಿಣಾಮ ಎಷ್ಟೆಂದು ಓದುಗರಿಗೇ ಗೊತ್ತು. ತಯಾರಕರೇ ತಮ್ಮ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ಪಡೆಯಬೇಕೆಂಬ 2022ರ ನಿಯಮ ಪೊಟ್ಟಣ, ಹೊದಿಕೆಗಳ ಪ್ಲಾಸ್ಟಿಕ್ಕಿಗೆ ಸಂಬಂಧಿಸಿದ್ದು. ತೋಟದ ಕೊಟ್ಟೆಯ ಗೊಡವೆ ಅದಕ್ಕಿಲ್ಲ. ಜಾಗತಿಕ ಒಪ್ಪಂದಕ್ಕಾಗಿ ಜಿನೀವಾದಲ್ಲಿ 2025ರ ಆಗಸ್ಟಿನಲ್ಲಿ ಸೇರಿದ ರಾಷ್ಟ್ರಗಳು ಒಮ್ಮತವಿಲ್ಲದೆ ಎದ್ದುಹೋದವು. ದೊಡ್ಡವರು ಬಗೆಹರಿಸಲಿ ಎಂದು ಕೂತರೆ ಎಷ್ಟು ಕೊಯ್ಲುಗಳು ಕಳೆಯುತ್ತವೋ ತಿಳಿಯದು.

ಹಾಗೆಂದು ಕೊಟ್ಟೆ ಕಟ್ಟುವುದನ್ನೇ ಬಿಡಿರಿ ಎಂದು ಹೇಳಲು ನನಗೆ ನಾಲಿಗೆ ಬಾರದು. ಕೊಳೆ ಬಂದ ವರ್ಷದ ತೋಟವನ್ನು ಕಂಡವನು ನಾನು. ಕೊಟ್ಟೆ ಬಿಟ್ಟವರು ಬೋರ್ಡೋ ದ್ರಾವಣವನ್ನು ಇನ್ನೊಂದು ಸಲ ಹೆಚ್ಚಾಗಿ ಹೊಡೆಯುತ್ತಾರೆ. ಮೈಲುತುತ್ತದ ತಾಮ್ರವೂ ಹಳ್ಳಕ್ಕೇ ಹೋಗುತ್ತದೆ, ಹುಳು ಚಿಪ್ಪುಗಳಿಗೆ ತಾಮ್ರವೂ ವಿಷವೇ. ಸುಟ್ಟುಬಿಡೋಣ ಎನ್ನುವವರಿದ್ದಾರೆ, ಆ ಹೊಗೆಯನ್ನು ಕುಡಿಯುವವರು ನಮ್ಮ ಮನೆಯ ಮಕ್ಕಳು. ಮಣ್ಣಿನಲ್ಲಿ ಹೂಳೋಣವೆಂದರೆ, ಪಾಲಿಥೀನ್ ಪುಡಿ ಹೆಚ್ಚಾದ ತರಗೆಲೆಯಲ್ಲಿ ಸಾಕಿದ ಎರೆಹುಳುಗಳು ಬೆಳವಣಿಗೆ ಕುಂಠಿತವಾಗಿ ಹೆಚ್ಚು ಸತ್ತವೆಂದು ನೆದರ್ಲೆಂಡ್ಸಿನಲ್ಲಿ ನಡೆದ ಅಧ್ಯಯನ 2016ರಲ್ಲಿ ಹೇಳಿದೆ. ಕಡಲತಳದ ಹುಳುವಿಗೆ ಆದದ್ದು ಬೇಲಿಯೊಳಗಿನ ಹುಳುವಿಗೂ ಆಗದೆ ಬಿಡದು.

ಉಳಿಯುವುದು ಒಂದೇ ದಾರಿ, ಅದು ಬೇಸರದ ದಾರಿ: ಲೆಕ್ಕವಿಟ್ಟು ಕಟ್ಟುವುದು, ಲೆಕ್ಕವಿಟ್ಟು ಬಿಚ್ಚುವುದು. ಕಳೆದ ಕೊಯ್ಲಿನಲ್ಲಿ ನಮ್ಮ ಕೊನೆಗೌಡನ ಜೊತೆ ಮಾತಾಡಿ, ಕೊನೆ ಇಳಿದಲ್ಲೇ ಕೊಟ್ಟೆ ಬಿಚ್ಚಿ ಗೋಣಿಗೆ ತುಂಬುವ ವ್ಯವಸ್ಥೆ ಮಾಡಿದೆ. ಅದಕ್ಕಾಗಿಯೇ ಒಬ್ಬರಿಗೆ ಬೇರೆ ಕೂಲಿ ಕೊಡಬೇಕಾಯಿತು, ಅದು ಸುಳ್ಳಲ್ಲ. ಒಂಬತ್ತು ಚೀಲ ತುಂಬಿತು. ಕಟ್ಟಿದ್ದರಲ್ಲಿ ಸುಮಾರು ಮುಕ್ಕಾಲು ಪಾಲು ಸಿಕ್ಕಿರಬಹುದು, ಉಳಿದದ್ದು ಗಾಳಿಗೆ ಹರಿದುಹೋಗಿದೆ. ಪೇಟೆಯ ಗುಜರಿಯವರು ಚೀಲ ಬಿಚ್ಚಿ ನೋಡಿ, ಮಣ್ಣು ಮೆತ್ತಿದ ತೆಳುಹಾಳೆಗೆ ಬೆಲೆಯಿಲ್ಲ, ತೊಳೆದು ಒಣಗಿಸಿ ತಂದರೆ ನೋಡೋಣ ಎಂದರು. ಒಬ್ಬನ ಒಂಬತ್ತು ಚೀಲಕ್ಕೆ ಯಾರೂ ಲಾರಿ ಕಳುಹಿಸುವುದಿಲ್ಲ. ಸೀಮೆಯ ಎಲ್ಲ ತೋಟಗಳ ಚೀಲ ಒಂದೆಡೆ ಸೇರಿದರೆ ಮಾತೇ ಬೇರೆ. ಅಡಿಕೆ ಕೊಳ್ಳುವ ಸಹಕಾರಿ ಸಂಘಗಳಿಗೆ ಉಗ್ರಾಣವಿದೆ, ತೂಕದ ಯಂತ್ರವಿದೆ, ಪ್ರತಿ ಬೆಳೆಗಾರನ ಲೆಕ್ಕವಿದೆ. ಕೊಟ್ಟೆ ಮಾರುವ ಅಂಗಡಿಯವರೂ ಅದೇ ಪೇಟೆಯಲ್ಲಿದ್ದಾರೆ. ಹಳೆಯ ಕೊಟ್ಟೆ ತಂದವರಿಗೆ ಹೊಸದರಲ್ಲಿ ರಿಯಾಯಿತಿ ಎಂಬ ಒಂದು ಕಟ್ಟಳೆಯನ್ನು ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಕೇಳಬೇಕೆಂದಿದ್ದೇನೆ. ಜೊತೆಗೆ ಎದ್ದು ನಿಲ್ಲುವವರು ನಾಲ್ಕು ಜನವಾದರೂ ಬೇಕು.

ಶಾಲಾ ಕಾಲೇಜಿನ ಮಿತ್ರರಿಗೆ ಒಂದು ಕೆಲಸ. ಮಳೆಗಾಲದ ಮೊದಲೊಮ್ಮೆ, ನಂತರವೊಮ್ಮೆ ಊರ ಹಳ್ಳದ ಒಂದೇ ಮಡುವಿನಿಂದ ಒಂದೊಂದು ಕಿಲೋ ಹೂಳು ತೆಗೆದು ಒಣಗಿಸಿರಿ. ಇನ್ನು ಕರಗದಷ್ಟು ಅಡುಗೆ ಉಪ್ಪು ಬೆರೆಸಿದ ನೀರಿಗೆ ಅದನ್ನು ಹಾಕಿ ಕಲಕಿ, ಕೆಲವು ಗಂಟೆ ಬಿಡಿರಿ. ಮರಳು ತಳಕ್ಕೆ ಕೂರುತ್ತದೆ; ಕೊಟ್ಟೆಯ ಪಾಲಿಥೀನ್, ಚೀಲದ ಪಾಲಿಪ್ರೊಪಿಲೀನ್, ನೈಲಾನ್ ಚೂರುಗಳು ಮೇಲೆ ತೇಲುತ್ತವೆ. ಮೇಲಿನ ನೀರನ್ನು ಸೋಸುಕಾಗದದಲ್ಲಿ ಸೋಸಿ ಭೂತಗನ್ನಡಿಯಲ್ಲಿ ಎಣಿಸಿರಿ. ಪೆಟ್ ಮತ್ತು ಪಿವಿಸಿ ಈ ವಿಧಾನದಲ್ಲಿ ಸಿಗುವುದಿಲ್ಲ, ಆದ್ದರಿಂದ ನಿಮ್ಮ ಲೆಕ್ಕ ಇರುವುದಕ್ಕಿಂತ ಕಡಿಮೆಯೇ ಬರುತ್ತದೆ. ಹತ್ತಿ ಬಟ್ಟೆ ತೊಟ್ಟು ಕೆಲಸ ಮಾಡಿರಿ, ಇಲ್ಲವಾದರೆ ನಿಮ್ಮ ಅಂಗಿಯ ನೂಲನ್ನೇ ಎಣಿಸಿಬಿಟ್ಟೀರಿ. ಫಲಿತಾಂಶವನ್ನು ಹಳ್ಳದ ಹೆಸರಿನೊಡನೆ ನಮ್ಮ ಪತ್ರಿಕೆಗೆ ಕಳುಹಿಸಿದರೆ ಪ್ರಕಟಿಸುತ್ತೇವೆ.

ಇನ್ನೊಂದು ವಿನಂತಿ. ಪ್ಲಾಸ್ಟಿಕ್ ಬರುವುದಕ್ಕೆ ಮೊದಲು ನಮ್ಮ ಹಿರಿಯರು ಕರಡದ ಹುಲ್ಲಿನಲ್ಲಿ ಕೊಟ್ಟೆ ಮಾಡಿ ಕಟ್ಟುತ್ತಿದ್ದರು. ಕಳಚಿ ಬಿದ್ದರೆ ಅದು ಅಲ್ಲೇ ಗೊಬ್ಬರವಾಗುತ್ತಿತ್ತು. ಬೆಟ್ಟದಲ್ಲಿ ಕರಡ ಕಡಿಮೆಯಾಗಿದೆ, ಕೈಗಳೂ ಕಡಿಮೆಯಾಗಿವೆ, ಇಡೀ ತೋಟಕ್ಕೆ ಅದು ಸಾಲದು ಎಂಬುದು ತಿಳಿದಿದೆ. ಆದರೂ ಹಳ್ಳದ ಅಂಚಿನ ಎರಡು ಸಾಲಿಗಾದರೂ ಕಟ್ಟಿ ನೋಡಬೇಕೆಂಬ ಆಸೆ ನನ್ನದು. ಕೊಟ್ಟೆ ಕಟ್ಟುವ ಹಳೆಯ ವಿಧಾನ ಬಲ್ಲವರು ನಿಮ್ಮ ಊರಿನಲ್ಲಿ ಉಳಿದಿದ್ದರೆ ದಯವಿಟ್ಟು ತಿಳಿಸಿರಿ. ಬಂದು ಕಲಿತುಕೊಳ್ಳುತ್ತೇನೆ. ಒಂಬತ್ತು ಚೀಲಗಳು ಸದ್ಯಕ್ಕೆ ನಮ್ಮ ಕೊಟ್ಟಿಗೆಯ ಅಟ್ಟದ ಮೇಲಿವೆ.